ಚಂದ್ರಿಕೆಯ ಮೇಲಿನ ಫೋನುಗಳು

"ಅಮ್ಮಾ, ಈ ಆಂಟಿ ಒಂದೇ ಫೋನನ್ನ ಅಷ್ಟೊಂದು ಯಾಕೆ ನೇತಾಕಿದಾರೆ?"

ಅಮೃತ ಪಿಸುಗುಟ್ಟಲಿಲ್ಲ. ದಿಬ್ಬೂರಹಳ್ಳಿ ಬಸ್ ನಿಲ್ದಾಣದ ಎದುರಿನ ಆ ಪುಟ್ಟ ಮೊಬೈಲ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಕೇಳಿದಳು. ಈ ವರ್ಷ ತಾನೇ ಒಂದನೇ ತರಗತಿಗೆ ಸೇರಿದ ಹುಡುಗಿ; ಉತ್ತರ ಸಿಗುವ ತನಕ ಜಾಗ ಬಿಟ್ಟು ಕದಲುವವಳಲ್ಲ. ಹರಿಣಿ ಮಗಳ ಭುಜವನ್ನು ಮೆಲ್ಲಗೆ ಅಮುಕಿದಳು. ಆದರೆ ಅವಳ ಕಣ್ಣೂ ಗೋಡೆಯ ಕಡೆಗೇ ಹೋಯಿತು.

ಗೋಡೆಗೆ ಹಳೆಯದೊಂದು ಚಂದ್ರಿಕೆ ಒರಗಿತ್ತು. ಪೂರ್ತಿ ಬಲಿತು ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ, ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಸುತ್ತಿದ ಅಗಲವಾದ ತಟ್ಟಿ. ಗೂಡುಗಳಿರಬೇಕಾದ ಸುರುಳಿಯಲ್ಲಿ ಕೆಟ್ಟುಹೋದ ಫೋನುಗಳನ್ನು ಸಿಕ್ಕಿಸಲಾಗಿತ್ತು. ನಟ್ಟನಡುವೆ ತೀರಾ ಹಳೆಯದು, ಅಂಚಿಗೆ ಬರುತ್ತಾ ಬರುತ್ತಾ ಹೊಸದು. ಎಲ್ಲವೂ ಒಂದೇ ಕಂಪನಿಯವು, ವರ್ಷಕ್ಕೊಂದರಂತೆ.

ಬೆಂಚಿನ ಹಿಂದೆ ಕೂತು, ಹರಿಣಿಯ ಫೋನಿನ ತೂತುಗಳಿಂದ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬಿಳಿ ಪುಡಿ ಉದುರಿಸುತ್ತಿದ್ದ ಮುನಿಲಕ್ಷ್ಮಿ ತಲೆಯೆತ್ತಿದಳು.

"ಒಂದೇ ಅಲ್ಲ ಕಣಮ್ಮ. ಬಾ, ಸ್ಟೂಲು ಹತ್ತು. ಇದಕ್ಕೂ ಇದರ ಪಕ್ಕದ್ದಕ್ಕೂ ಏನು ವ್ಯತ್ಯಾಸ ಹೇಳು, ಕಡ್ಲೆಮಿಠಾಯಿ ಕೊಡ್ತೀನಿ."

ಅಮೃತ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. "ಇದ್ರಲ್ಲಿ ಬರೀ ತೂತು. ಇದ್ರಲ್ಲಿ ತೂತಿನ ಮೇಲೆ ಜರಡಿ ಇದೆ!"

"ಭಲೇ! ಅಷ್ಟು ದೊಡ್ಡ ಕಂಪನಿ ಇಡೀ ಒಂದು ವರ್ಷ ಕೂತು ಮಾಡಿದ ಕೆಲಸ ಅದು."

ಹರಿಣಿಗೆ ನಗು ತಡೆಯಲಾಗಲಿಲ್ಲ. "ಒಂದು ಜರಡಿಗೆ ಹೊಸ ಫೋನು ಅಂತ ಹೆಸರಾ? ಒಳ್ಳೆ ವ್ಯಾಪಾರ ಬಿಡ್ರೀ ನಿಮ್ಮದು."

"ನನ್ನದಲ್ಲಮ್ಮ, ಕಂಪನೀದು. ವರ್ಷ ವರ್ಷ ಕೊಳ್ಳಬೇಡಿ ಅಂತಲೇ ನಾನೂ ಹೇಳೋದು. ಇಲ್ನೋಡಿ, ಈ ಫೋನು ಬಂದ ವರ್ಷ ಬರೀ ಬಣ್ಣ ಬದಲಾಯಿಸಿದ್ರು. ಬಂದೋರನ್ನೆಲ್ಲ 'ಹೋಗ್ರಪ್ಪ, ಹಳೇದರಲ್ಲೇ ಮಾತಾಡಿ' ಅಂತ ವಾಪಸ್ ಕಳಿಸ್ದೆ. ಆದ್ರೆ ಪಕ್ಕಪಕ್ಕದ್ದು ನೋಡಬೇಡಿ. ನಡುವಿನದ್ದು, ಅಂಚಿನದ್ದು, ಎರಡನ್ನೂ ಕೈಲಿ ಹಿಡೀರಿ."

ಹರಿಣಿ ಹಿಡಿದಳು. ಒಂದು ಇಟ್ಟಿಗೆಯಂತೆ, ಇನ್ನೊಂದು ಸೋಪಿನ ಬಿಲ್ಲೆಯಂತೆ. ಆದರೂ ಗುಂಡಿ ಇದ್ದಲ್ಲೇ ಇತ್ತು; ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಹೋಗಿ ಕೂತಿತು.

"ನೋಡಿದ್ರಾ? ಬೆರಳಿಗೆ ಗೊತ್ತಾಗದ ಹಾಗೆ ಫೋನೇ ಬದಲಾಗಿದೆ. ಅದಕ್ಕೇ ಜನ ಬಿಟ್ಟು ಹೋಗಲ್ಲ. ಒಂದೇ ಸಲ ಪವಾಡ ಮಾಡಿ ಯಾವ ಕಂಪನೀನೂ ಇಷ್ಟು ವರ್ಷ ನಿಲ್ಲಲ್ಲ ಹರಿಣಿಯೋರೇ. ನಿನ್ನೆ ಬೈದಿದ್ದನ್ನ ಇವತ್ತು ಸರಿ ಮಾಡೋದು, ಇವತ್ತು ಬೈದಿದ್ದನ್ನ ನಾಳೆಗೆ. ಅಷ್ಟೇ ಗುಟ್ಟು."

ಮುನಿಲಕ್ಷ್ಮಿ ಈ ಮಾತನ್ನು ಎಲ್ಲಿಂದಲೋ ಕೇಳಿ ಬಂದು ಹೇಳುತ್ತಿರಲಿಲ್ಲ. ಹರಿಣಿಗೆ ಅದು ತಿಳಿದದ್ದು ಮುಂದಿನ ಭೇಟಿಗಳಲ್ಲಿ. ಹರಿಣಿಯ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಮೊಟ್ಟೆಯೊಡೆದು ಗೂಡು ಕಟ್ಟುವ ತನಕದ ಒಂದೊಂದು ಬೆಳೆಗೂ ಒಂದು ಸಲವಾದರೂ ಫೋನು ಹೊತ್ತು ಈ ಅಂಗಡಿಗೆ ಬರುವುದು ತಪ್ಪುತ್ತಿರಲಿಲ್ಲ.

ಮುನಿಲಕ್ಷ್ಮಿ ಸಾದಲಿಯ ಹುಡುಗಿ. ಚಿಂತಾಮಣಿಯಲ್ಲಿ ಐಟಿಐ ಮುಗಿಸಿ, ಕೋಲಾರದ ಕಡೆ ಫೋನು ಜೋಡಿಸುವ ಕಾರ್ಖಾನೆಯೊಂದಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮೊದಲ ವರ್ಷ ಅವಳ ಕೆಲಸ ಪೆಟ್ಟಿಗೆಗೆ ಚೀಟಿ ಅಂಟಿಸುವುದು. ಮರುವರ್ಷದ ಮಾಡೆಲ್ಲಿಗೆ ಸ್ಪೀಕರಿನ ತೂತಿನ ಮೇಲೆ ಜರಡಿ ಬಂತು. ಅದನ್ನು ಚಿಮುಟದಲ್ಲಿ ಎತ್ತಿ ಕೂರಿಸಲು ಸಾಲಿನಲ್ಲಿ ಹೊಸದಾಗಿ ಒಂದು ಕುರ್ಚಿ ಹಾಕಿದರು. ಆ ಕುರ್ಚಿ ಅವಳದಾಯಿತು. ಇನ್ನೊಂದು ವರ್ಷ ಕಳೆಯಿತು. ಜರಡಿ ಕವಚದ ಜೊತೆಗೇ ಅಂಟಿಕೊಂಡು ಬರತೊಡಗಿತು. ಕುರ್ಚಿ ಎತ್ತಿಬಿಟ್ಟರು.

"ಒಂದು ಸಣ್ಣ ಬದಲಾವಣೆ ನನಗೆ ಕೆಲಸ ಕೊಡ್ತು, ಇನ್ನೊಂದು ಸಣ್ಣ ಬದಲಾವಣೆ ಕಿತ್ಕೊಳ್ತು," ಎಂದು ಅವಳು ನಗುತ್ತಲೇ ಹೇಳಿದ್ದಳು. "ಬೇಜಾರೇನಿಲ್ಲ. ಆದ್ರೆ ಬಸ್ಸಲ್ಲಿ ವಾಪಸ್ ಬರ್ತಾ ಯೋಚನೆ ಮಾಡ್ದೆ. ಎಷ್ಟು ದಿನ ಬದಲಾವಣೆ ಮಾಡಿಸ್ಕೊಳ್ಳೋದು? ನಾನೂ ಒಂಚೂರು ಮಾಡಣ ಅಂತ."

ಹಾಗೆ ಬಂದು ತೆರೆದದ್ದು ಈ ಅಂಗಡಿ. ಫೋನು ಮಾರಾಟ, ರಿಪೇರಿ ಎರಡೂ ಚೆನ್ನಾಗಿಯೇ ನಡೆಯುತ್ತಿದ್ದವು. ಆದರೆ ಅಮೃತ ಆ ಪ್ರಶ್ನೆ ಕೇಳುವ ಹೊತ್ತಿಗೆ ರಸ್ತೆಯ ಆಚೆ ಬದಿಗೆ ಮುರಳಿಮೋಹನನ ಗಾಜಿನ ಶೋರೂಮು ಎದ್ದಿತ್ತು. ಎಸಿ, ಸೋಫಾ, ಬಂದವರಿಗೆಲ್ಲ ತಣ್ಣನೆ ಜ್ಯೂಸು. ಹೊಸ ಫೋನಿಗೆ ಮುನಿಲಕ್ಷ್ಮಿಯ ಬಾಗಿಲು ತಟ್ಟುವವರೇ ಇಲ್ಲವಾದರು. ರಿಪೇರಿಯೊಂದನ್ನೇ ನೆಚ್ಚಿಕೊಂಡರೆ ಅಂಗಡಿ ನಿಲ್ಲುವುದಿಲ್ಲ, ಮತ್ತೆ ಅದೇ ಬಸ್ಸು ಹತ್ತಬೇಕು. ಇದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಅವಳ ಕೈಯಲ್ಲಿ ಉಳಿದಿದ್ದದ್ದು ಒಂದೇ, ಆ ಬಿಳಿ ಪುಡಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗಿದಾಗ, ಹಾಸಿಗೆಯ ಮೇಲೆ ಸುಣ್ಣ ಉದುರಿಸುತ್ತಾರೆ. ರೋಗ ಬರದಿರಲೆಂದು ಬೇರೆ ಪುಡಿಯನ್ನೂ ಚೆಲ್ಲುತ್ತಾರೆ. ಹುಳದ ಮನೆಯಲ್ಲಿ ಕೆಲಸ ಮಾಡುವ ಹೆಂಗಸರ ಫೋನುಗಳೆಲ್ಲ ಆ ಪುಡಿ ಕುಡಿದೇ ಗಂಟಲು ಕಟ್ಟಿಕೊಳ್ಳುವುದು. ಗಾಜಿನ ಶೋರೂಮಿನಲ್ಲಿ ಇದಕ್ಕೆ ಮದ್ದಿರಲಿಲ್ಲ. ಮುನಿಲಕ್ಷ್ಮಿ ದಪ್ಪ ಹತ್ತಿ ಬಟ್ಟೆಯಲ್ಲಿ, ಕೊರಳಿಗೆ ನೇತುಹಾಕಿಕೊಳ್ಳುವಂತೆ ಒಂದು ಚೀಲ ಹೊಲಿದಳು. ಫೋನು ಚೀಲದೊಳಗೆ, ಪುಡಿ ಹೊರಗೆ. ಸಾದಲಿಯ ಹೆಂಗಸರ ಸಂಘದವರು ನೋಡಿ, "ಫೋನು ಕೆಡದಂಗೆ ಮಳೆಗಾಲದ ಒಂದು ಬೆಳೆ ದಾಟಿಸ್ಲಿ, ಸಂಘದೋರೆಲ್ಲ ನಿನ್ನ ಚೀಲಾನೇ ತಗೋತೀವಿ" ಎಂದರು.

ಅಂಗಡಿ ಉಳಿಯುವುದೂ ಮುಳುಗುವುದೂ ಆ ಚೀಲದ ಮೇಲೆ ನಿಂತಿತು.

ಮೊದಲ ಚೀಲಗಳಲ್ಲೊಂದು ಹರಿಣಿಗೆ ಬಂತು. ಅವಳ ಅತ್ತೆ ವೆಂಕಟರತ್ನಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಏಮ್ಮಾ, ಫೋನಿಗೂ ಲಂಗ ಹೊಲಿಸ್ಕೊಂಡು ಬಂದಿದೀಯಾ? ಒಳಗಿರೋದು ಕಾಣಲ್ಲ, ಕರೆ ಮಾಡಿದೋರು ಯಾರು ಅಂತ ತಿಳಿಯಲ್ಲ. ಈ ದಾರ ನೋಡು, ಸೊಪ್ಪು ಹಾಕಕ್ಕೆ ಬಗ್ಗಿದ್ರೆ ಹುಳದ ಮೇಲೇ ಜೋಕಾಲಿ ಆಡುತ್ತೆ."

ಹರಿಣಿ ಅಂಗಡಿಗೆ ಹೋಗಿ ಹೇಳಿದ್ದು ಮಾತ್ರ, "ಚೆನ್ನಾಗಿದೆ, ಒಂಚೂರು ಕಿಟಕಿ ಇದ್ದಿದ್ರೆ ಅನ್ನಿಸ್ತು ಅತ್ತೆಗೆ" ಎಂದಷ್ಟೇ. ಅತ್ತೆಯ ಬೈಗುಳವನ್ನು ಜೇನಿನಲ್ಲಿ ಅದ್ದಿ ಹೊರಗೆ ತರುವುದು ಅವಳಿಗೆ ಮದುವೆಯಾದಂದಿನಿಂದ ಅಭ್ಯಾಸ. ಬೇರೆ ಹೆಂಗಸರೂ ಹೀಗೆ ಒಂದೊಂದು ಮಾತು ತಂದಿದ್ದರು. ಮಳೆ ಹತ್ತಿರವಾಗುತ್ತಿತ್ತು, ಎದುರಿನ ಶೋರೂಮಿನಲ್ಲಿ ಜನ ತುಂಬುತ್ತಿದ್ದರು. ಮುನಿಲಕ್ಷ್ಮಿ ಅವಸರ ಮಾಡಿದಳು. ಹತ್ತಿ ಬಟ್ಟೆ ತೆಗೆದು ರೆಕ್ಸಿನ್ ಹಾಕಿದಳು, ಮುಂದೆ ಪ್ಲಾಸ್ಟಿಕ್ ಕಿಟಕಿ ಇಟ್ಟಳು, ಪುಡಿ ಎಲ್ಲಿಂದಲೂ ನುಸುಳದಿರಲೆಂದು ಒಳಗೆ ಇನ್ನೊಂದು ಪದರ ಕೊಟ್ಟಳು. ನೋಡಲು ಅಂಗಡಿಯ ಮಾಲಿನಂತೆಯೇ ಇತ್ತು. ಹೆಂಗಸರು ಖುಷಿಯಿಂದ ಕೊರಳಿಗೆ ಹಾಕಿಕೊಂಡು ಹೋದರು.

ಜಿಟಿಜಿಟಿ ಮಳೆ ಹಿಡಿದ ವಾರವೇ ಫೋನುಗಳು ಬೆವರತೊಡಗಿದವು. ಹರಿಣಿಯ ಫೋನಿನ ಕ್ಯಾಮೆರಾ ಗಾಜಿನೊಳಗೆ ಮಂಜು ಕಟ್ಟಿತು. ಆಮೇಲೆ ಪರದೆ ಕಪ್ಪಾಯಿತು. ಅಮೃತ ಮೊದಲ ಹೆಜ್ಜೆ ಇಟ್ಟಾಗ ತೆಗೆದ ವಿಡಿಯೋ ಅದರಲ್ಲೇ ಇತ್ತು, ಬೇರೆಲ್ಲೂ ಇರಲಿಲ್ಲ. ಹರಿಣಿ ಜೀವಮಾನದಲ್ಲಿ ಅಷ್ಟು ಸಿಟ್ಟಾದವಳಲ್ಲ. ಮಗಳನ್ನು ಒಂದು ಕೈಯಲ್ಲಿ, ಚೀಲವನ್ನು ಇನ್ನೊಂದು ಕೈಯಲ್ಲಿ ಹಿಡಿದು ಅಂಗಡಿಗೆ ಹೊರಟಳು. ವೆಂಕಟರತ್ನಮ್ಮ, "ನಿಲ್ಲೇ, ನಾನೂ ಬರ್ತೀನಿ, ನಿನಗೆ ಜಗಳ ಆಡಕ್ಕೆ ಬರಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದರು.

ಅಂಗಡಿ ಮುಂದೆ ಆಗಲೇ ಹೆಂಗಸರ ಗುಂಪು. ರಸ್ತೆಯಾಚೆ ಮುರಳಿಮೋಹನ ಗಾಜಿನ ಬಾಗಿಲಲ್ಲಿ ನಿಂತು, "ಏನ್ ಮುನಿಲಕ್ಷ್ಮಮ್ಮ, ಫೋನಿಗೆ ಸ್ನಾನ ಮಾಡಿಸೋ ಚೀಲ ಕಂಡುಹಿಡಿದ್ರಂತೆ?" ಎಂದು ಕೂಗಿದ.

"ಹೂಂ ಕಣಪ್ಪ, ನಿನ್ನ ಶೋರೂಮಿಗೆ ಗಿರಾಕಿ ಕಳಿಸಣ ಅಂತ!" ಎಂದಳು ಮುನಿಲಕ್ಷ್ಮಿ, ಕೈಲಿದ್ದ ಚಿಮುಟ ಬಿಡದೆ. ಹರಿಣಿಯ ಕೈಯಿಂದ ಫೋನು ತೆಗೆದುಕೊಂಡು, ಬೇರೆ ಮಾತಿಲ್ಲದೆ ಅದನ್ನು ಮೊದಲು ಬಿಚ್ಚಿದಳು. ಒಣಗಿಸಿದಳು, ಒರೆಸಿದಳು, ಮತ್ತೆ ಒಣಗಿಸಿದಳು. ಹೆಂಗಸರ ಬೈಗುಳ ತಲೆಯ ಮೇಲಿಂದ ಹರಿದು ಹೋಗುತ್ತಲೇ ಇತ್ತು. ಕೊನೆಗೆ ಪರದೆ ಬೆಳಗಿತು. ಅದರೊಳಗೆ ಪುಟ್ಟ ಅಮೃತ ತೂರಾಡುತ್ತಾ ನಾಲ್ಕು ಹೆಜ್ಜೆ ಇಟ್ಟು ಕುಕ್ಕರಿಸಿದಳು. ಹರಿಣಿಗೆ ಆಗ ಉಸಿರು ಬಂತು.

"ಏನಾಗಿದ್ದು ಇದಕ್ಕೆ?" ಎಂದು ಕೇಳಿದಳು.

"ಅದೇ ತಿಳೀತಿಲ್ಲ," ಎಂದಳು ಮುನಿಲಕ್ಷ್ಮಿ. "ರೆಕ್ಸಿನ್‌ದಾ, ಕಿಟಕೀದಾ, ಒಳಗಿನ ಪದರದ್ದಾ? ಮೂರೂ ಒಂದೇ ಸಲ ಬದಲಾಯಿಸ್ಬಿಟ್ಟೆ. ಯಾವುದನ್ನ ಹಿಡಿದು ಬಯ್ಯಲಿ?"

ವೆಂಕಟರತ್ನಮ್ಮ ಚೀಲದೊಳಗೆ ಕೈ ಹಾಕಿ ಒಳಗಿನ ಪದರವನ್ನು ಉಗುರಲ್ಲಿ ಕೆರೆದರು. ಮೂಸಿ ನೋಡಿದರು. ಅವರ ಹುಬ್ಬು ಮೇಲೆ ಹೋಯಿತು.

"ಇದು ಚಾಕಿ ಹುಳಕ್ಕೆ ಹೊದಿಸೋ ಮೇಣದ ಕಾಗದ ಅಲ್ವೇನೇ?"

"ಹೂಂ ಅಮ್ಮ. ಪುಡಿ ಒಳಗೆ ಬಿಡಲ್ಲ ಅಂತ..."

"ಅದನ್ನ ಹೊದಿಸೋದೇ ಒಳಗಿನ ತೇವ ಆರಬಾರದು ಅಂತ ಕಣೇ! ಎಳೇ ಹುಳಕ್ಕೆ ಸೊಪ್ಪು ಒಣಗಬಾರದು. ನಿನ್ನ ಫೋನೇನು ನಿನ್ನೆ ಮೊಟ್ಟೆಯೊಡೆದು ಬಂದಿದ್ದಾ? ಇನ್ನೊಂದ್ವಾರ ಇಟ್ಟಿದ್ರೆ ಮೊದಲನೇ ಜ್ವರಕ್ಕೆ ಕೂರ್ತಿತ್ತು!"

ಗುಂಪಿಗೆ ಗುಂಪೇ ನಕ್ಕಿತು. ಹುಳದ ಮನೆಯಲ್ಲೇ ಹುಟ್ಟಿ ಬೆಳೆದ ಮುನಿಲಕ್ಷ್ಮಿ, ಕೈಗೆ ಸಿಕ್ಕಿದ ಅತ್ಯಂತ ಪರಿಚಿತ ಕಾಗದವನ್ನೇ ನಂಬಿಕೊಂಡಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ನಕ್ಕು ನಕ್ಕು ಬೆಂಚಿಗೆ ಹಣೆ ಒರಗಿಸಿದಳು.

ತಲೆಯೆತ್ತಿದಾಗ ಅವಳ ದನಿ ಬದಲಾಗಿತ್ತು. "ಎಲ್ಲಾ ಚೀಲ ಇಲ್ಲಿಟ್ಟು ಹೋಗಿ. ಫೋನು ನಾನು ಸರಿ ಮಾಡಿಕೊಡ್ತೀನಿ, ಅದು ನನ್ನ ತಲೆ ಮೇಲೆ. ಬಟ್ಟೆ ಚೀಲ ವಾಪಸ್ ಕೊಡ್ತೀನಿ. ಇನ್ನು ಬೆಳೆಗೆ ಒಂದೇ ಬದಲಾವಣೆ. ಎರಡು ಮಾಡಿದ್ರೆ ಕೇಳಿ."

ಆಮೇಲಿನದ್ದನ್ನು ಹರಿಣಿ ಪಕ್ಕದಲ್ಲಿದ್ದೇ ನೋಡಿದಳು. ಮತ್ತದೇ ಹತ್ತಿ ಚೀಲ. ಮೊದಲು ಬಂದದ್ದು ಕಿಟಕಿಯೊಂದೇ. ಒಂದು ಬೆಳೆ ನೋಡಿದ ಮೇಲೆ ದಾರ. ಚೀಲ ಜೋತಾಡದಂತೆ ಸೊಂಟಕ್ಕೆ ಬಿಗಿಯುವ ಪಟ್ಟಿಯಾಯಿತು. ಆಮೇಲೆ ಸ್ಪೀಕರಿನ ನೇರಕ್ಕೆ ಹಳೆಯ ಪಂಚೆಯ ಎರಡು ಪದರದ ತೇಪೆ, ಮಾತು ದಾಟಿ ಪುಡಿ ದಾಟದಷ್ಟು ನವಿರು. ಕಾರ್ಖಾನೆಯಲ್ಲಿ ಚಿಮುಟದಿಂದ ಕೂರಿಸುತ್ತಿದ್ದ ಜರಡಿಯೇ ದಿಬ್ಬೂರಹಳ್ಳಿಗೆ ಬಂದು ಪಂಚೆಯಾಗಿತ್ತು. ಯಾವ ಸಲವೂ ಯಾರೂ "ಓಹೋ" ಎನ್ನಲಿಲ್ಲ. ಆದರೆ ಚೀಲ ಬಿಚ್ಚಿಟ್ಟು ಹುಳದ ಮನೆಗೆ ಹೋಗುವವರೂ ಇಲ್ಲವಾದರು. ಗಾಜಿನ ಶೋರೂಮಿನಲ್ಲಿ ಫೋನು ಕೊಂಡವರೂ ರಸ್ತೆ ದಾಟಿ ಚೀಲಕ್ಕೆ ಇಲ್ಲಿಗೇ ಬಂದರು. ಬಂದವರು ಬೆಂಚಿನ ಹತ್ತಿರ ನಿಂತು ಹಳೆಯ ಫೋನನ್ನೂ ತೋರಿಸಿದರು. ಒಂದು ದಿನ ಮುರಳಿಮೋಹನನೇ ಬಂದು, "ನನ್ನ ಶೋರೂಮಲ್ಲೂ ಇಡಣ ಅಕ್ಕ, ಒಂದಷ್ಟು ಕೊಡಿ" ಎಂದ. "ಕೊಡ್ತೀನಿ, ಆದ್ರೆ ಬೈಗುಳ ಬಂದ್ರೆ ಅದನ್ನೂ ಪ್ಯಾಕ್ ಮಾಡಿ ಕಳಿಸ್ಬೇಕು," ಎಂದಳು ಇವಳು.

ಗೋಡೆಯ ಚಂದ್ರಿಕೆಯ ಪಕ್ಕಕ್ಕೆ ಇನ್ನೊಂದು ಚಂದ್ರಿಕೆ ಬಂತು. ನಡುವೆ ಮೊದಲ ಹತ್ತಿ ಚೀಲ, ಅದರ ಪಕ್ಕ ಬೆವರಿದ ರೆಕ್ಸಿನ್ ಚೀಲ, ಆಮೇಲೆ ಒಂದೊಂದಾಗಿ ಉಳಿದವು. ಅಮೃತ ಸ್ಟೂಲು ಹತ್ತಿ ವ್ಯತ್ಯಾಸ ಹುಡುಕುತ್ತಾ, ಕಡ್ಲೆಮಿಠಾಯಿ ಗಳಿಸುತ್ತಾ ಕೂರುತ್ತಿದ್ದಳು.

ಈಗ ಮತ್ತೆ ಮಳೆಗಾಲದ ಬಾಗಿಲು. ಈ ಬೆಳೆ ದಾಟಿದರೆ ಸಾದಲಿಯ ಸಂಘದವರು ಕೊಟ್ಟ ಮಾತಿಗೆ ಬರುತ್ತಾರೆ. ಮುನಿಲಕ್ಷ್ಮಿ ಹೊಸ ಚೀಲವೊಂದನ್ನು ಹರಿಣಿಯ ಮುಂದಿಟ್ಟಳು. ಅವರಿಬ್ಬರ ನಡುವೆ ಬಹುವಚನ ಎಂದೋ ಕಳಚಿ ಬಿದ್ದಿತ್ತು.

"ಇದರಲ್ಲಿ ಒಂದೇ ಒಂದು ಬದಲಾಯಿಸಿದೀನಿ. ಏನು ಅಂತ ಹೇಳಲ್ಲ. ನನಗೆ ಒಂದು ಉಪಕಾರ ಮಾಡೇ."

"ಬಳಸಿ ನೋಡ್ಬೇಕು, ಅಷ್ಟೇ ತಾನೇ? ಕೊಡು."

"ನೀನಲ್ಲ ಕಣೇ," ಎಂದಳು ಮುನಿಲಕ್ಷ್ಮಿ, ಚೀಲವನ್ನು ಒಂದಿಷ್ಟು ಹಿಂದಕ್ಕೆಳೆದುಕೊಂಡು. "ನೀನು ಏನು ಕೊಟ್ರೂ ಚೆನ್ನಾಗಿದೆ ಅಂತೀಯ. ಇದನ್ನ ನಿಮ್ಮತ್ತೆಗೆ ಕೊಡು. ಈ ಬೆಳೆ ಮುಗಿಯೋ ತನಕ ಅವರು ಏನೇನು ಬೈತಾರೋ, ಅಷ್ಟನ್ನೂ ನನಗೆ ತಂದು ಹೇಳು. ಒಂದೂ ಬಿಡಬೇಡ, ಒಂದಕ್ಕೂ ಜೇನು ಸವರಬೇಡ."