ನುಣ್ಣಗಾದ ಹಾಡು

ಪಾಳ್ಯದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಗದ್ದೆಗೆ ನುಗ್ಗುವ ಕಾಡುಹಂದಿಗಳನ್ನು ಓಡಿಸಲು ಸ್ಪೀಕರಿನಲ್ಲಿ ಜೋರಾಗಿ ಹಾಡು ಹಾಕುವ ಸಿದ್ದಪ್ಪನವರು ಒಂದು ದಿನ ಪೆನ್‌ಡ್ರೈವ್ ತಂದರು.

"ಕಾವಲು ಕೂತ್ರೆ ಕಿವಿ ಕುಯ್ದಂಗಾಗ್ತೈತೆ. ಸದ್ದು ಒಸಿ ನುಣ್ಣಗೆ ಮಾಡ್ಕೊಡು ಮಾರಾಯ."

ಅವರ ಸಮಾಧಾನಕ್ಕೆಂದು ಎಂಪಿತ್ರೀ ಹಾಡುಗಳನ್ನೆಲ್ಲ ವೇವ್ ಎಂಬ ಇನ್ನೊಂದು ಬಗೆಯ ಫೈಲಿಗೆ ಬದಲಾಯಿಸಿಕೊಟ್ಟೆ. ಇದರಿಂದ ಫೈಲು ದಪ್ಪಗಾಗುತ್ತದೆಯೇ ಹೊರತು ಸದ್ದು ಸುಧಾರಿಸುವುದಿಲ್ಲ ಎಂದೂ ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾರದೊಳಗೆ ಮತ್ತೆ ಬಂದರು. "ಬೆಣ್ಣೆ ಹಂಗೈತೆ ಕಣೋ. ಆದ್ರೆ ಹಂದಿ ಓಡ್ತಾ ಇಲ್ಲ, ಸ್ಪೀಕರ್ ಪಕ್ಕದಲ್ಲೇ ನಿಂತು ಮೇಯ್ತವೆ. ಹಳೇದೇ ಹಾಕ್ಕೊಡು."

ಅವರು ಹೋದ ಮೇಲೆ ಎರಡನ್ನೂ ಮತ್ತೆ ಮತ್ತೆ ಕೇಳಿದೆ. ನನಗೆ ಎರಡೂ ಒಂದೇ. ಸಿದ್ದಪ್ಪನವರದು ಭ್ರಮೆ ಅಂದುಕೊಳ್ಳೋಣ. ನಾನು ಫೈಲು ಬದಲಾಯಿಸಿದ್ದನ್ನು ಹಂದಿಗಳಿಗೆ ಹೇಳಿದವರು ಯಾರು?