ಜಯಮ್ಮನ ಹೆಬ್ಬೆರಳಿಗೆ ಸಿಕ್ಕ ಗೇಮ್ ಕಂಟ್ರೋಲರ್

೨೦೧೧ರ ಚಳಿಗಾಲದಲ್ಲಿ ನಾನು ಎಟೋಬಿಕೋಕ್‌ನ ಒಂದು ಪುನಶ್ಚೇತನ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಮನೆಗೆಲಸದ ಹಾಗೆ ಸಣ್ಣಸಣ್ಣದು. ಸ್ಟ್ರೋಕ್ ಆದವರಿಗೆ ಮತ್ತೆ ಅಂಗಿಯ ಗುಂಡಿ ಹಾಕಿಕೊಳ್ಳುವುದು, ಚಮಚ ಹಿಡಿಯುವುದು, ತಲೆ ಬಾಚಿಕೊಳ್ಳುವುದನ್ನು ಕಲಿಸಬೇಕು. ಕೈ ಕೇಳದಿದ್ದರೆ ಅದಕ್ಕೊಂದು ಉಪಕರಣ ಹುಡುಕಿ ಕೊಡಬೇಕು. ಒಂದು ಚಮಚಕ್ಕೆ ಸ್ಪಂಜು ಸುತ್ತಿ, ಸಡಿಲವಾಯಿತೆಂದು ಬಿಚ್ಚಿ, ಮತ್ತೆ ಸುತ್ತಿ ಇಡೀ ಬೆಳಗು ಕಳೆದವಳು ನಾನು. ನನಗೆ ಸುಲಭಕ್ಕೆ ಸಿಟ್ಟು ಬರುವುದಿಲ್ಲ. ಈ ಕೇಸನ್ನು ನೆನೆದರೆ ಮಾತ್ರ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಜಯಮ್ಮನಿಗೆ ಆಗ ಐವತ್ತೆಂಟು. ಥಾರ್ನ್‌ಕ್ಲಿಫ್ ಪಾರ್ಕ್‌ನ ಅಪಾರ್ಟ್‌ಮೆಂಟಿನಲ್ಲಿ ವಾಸ, ಮಕ್ಕಳ ಡೇಕೇರ್ ಒಂದರ ಅಡುಗೆಮನೆಯಲ್ಲಿ ಕೆಲಸ, ಊರು ತಿಪಟೂರಿನ ಕಡೆ. ಸ್ಟ್ರೋಕ್ ಆದದ್ದು ಮಿದುಳಿನ ಬುಡದಲ್ಲಿ. ಅಂಥ ಕಡೆ ಪೆಟ್ಟು ಬಿದ್ದರೆ ಬುದ್ಧಿ ನೆಟ್ಟಗಿರುತ್ತದೆ, ಆದರೆ ನಾಲಿಗೆ, ಕುತ್ತಿಗೆ, ಕೈಕಾಲು ಯಾವುದೂ ಮಾತು ಕೇಳುವುದಿಲ್ಲ. ರೆಪ್ಪೆಯ ಮೇಲೂ ಅವರಿಗೆ ಪೂರ್ತಿ ಹಿಡಿತವಿರಲಿಲ್ಲ. ಹಿಡಿತವಿದ್ದದ್ದು ಬಲಗೈಯ ಹೆಬ್ಬೆರಳೊಂದರ ಮೇಲೆ. ಎಡಗೈಯ ತೋರುಬೆರಳು ಸ್ವಲ್ಪ ಅದುಮುತ್ತಿತ್ತು.

ನನ್ನನ್ನು ಕರೆದದ್ದು ಅವರು ನಮ್ಮಲ್ಲಿಗೆ ಬಂದು ನಾಲ್ಕನೆಯ ವಾರದಲ್ಲಿ. ಅಷ್ಟರಲ್ಲಿ ತಂಡ ಹೆಚ್ಚುಕಡಿಮೆ ತೀರ್ಮಾನಕ್ಕೆ ಬಂದುಬಿಟ್ಟಿತ್ತು. ರೋಗಿಗೆ ಆಸಕ್ತಿ ಇಲ್ಲ, ಥೆರಪಿಗೆ ಕೂರಿಸಿದರೆ ಹಾಸಿಗೆ ಬೇಕೆನ್ನುತ್ತಾರೆ, ಮಲಗಿಸಿದರೆ ಮುಖ ಕೆಂಪಗೆ ಮಾಡಿಕೊಂಡು ಗೊರಗೊರ ಸದ್ದು ಮಾಡುತ್ತಾರೆ. ಅರ್ಥವಾಗುತ್ತಿದೆಯೋ ಇಲ್ಲವೋ ಅನುಮಾನ. ಮುಂದಿನ ಗುರುವಾರದ ಸಭೆಯಲ್ಲಿ ಅವರನ್ನು ದೂರದ ಲಾಂಗ್ ಟರ್ಮ್ ಕೇರ್ ಹೋಮಿಗೆ ಕಳಿಸುವ ವಿಷಯ ಇತ್ತು. ಅದು ಬದುಕಿರುವ ತನಕ ನೋಡಿಕೊಳ್ಳುವ ಜಾಗ. ಅಲ್ಲಿಗೆ ಹೋದರೆ ನಮ್ಮ ಥರದ ದಿನದಿನದ ಥೆರಪಿ ನಿಂತಂತೆಯೇ.

ಮೊದಲ ದಿನ ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ನರ್ಸ್ ಒಬ್ಬಳು ಎಬಿಸಿಡಿ ಬರೆದ ಪ್ಲಾಸ್ಟಿಕ್ ಹಲಗೆ ಹಿಡಿದು ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದಳು. ಬೇಕಾದ ಅಕ್ಷರ ಬಂದಾಗ ಜಯಮ್ಮ ಹೆಬ್ಬೆರಳು ಎತ್ತಬೇಕು. ಬಿ. ಇ. ಡಿ.

"ಬೆಡ್! ಓಕೆ ಸ್ವೀಟ್‌ಹಾರ್ಟ್," ಎಂದಳು ನರ್ಸ್, ನಗುತ್ತಲೇ. ಹಲಗೆ ಮಡಚಿ ಗಾಲಿಕುರ್ಚಿಯನ್ನು ಹಾಸಿಗೆಯ ಕಡೆ ತಿರುಗಿಸಿದಳು. ಜಯಮ್ಮನ ಹೆಬ್ಬೆರಳು ಇನ್ನೂ ಏಳುತ್ತಿತ್ತು, ಬೀಳುತ್ತಿತ್ತು. ಗಂಟಲಿನಿಂದ ಆ ಗೊರಗೊರ ಶುರುವಾಯಿತು.

"ಒಂದು ನಿಮಿಷ. ಮುಂದಿನ ಅಕ್ಷರ ಕೇಳು," ಎಂದೆ.

"ಏನು ಮುಂದಿನದು? ದಿನಾ ಇದೇ ಕೇಳ್ತಾರೆ."

ನಾನೇ ಹಲಗೆ ಬಿಚ್ಚಿ ಬೆರಳಿಟ್ಟೆ. ಮೊದಲನೆಯ ಅಕ್ಷರಕ್ಕೇ ಹೆಬ್ಬೆರಳು ಎದ್ದಿತು. ಎ. ಬಿ, ಇ, ಡಿ, ಎ.

ಬೇಡ.

ನಾಲ್ಕು ವಾರಗಳಿಂದ ಆ ಹೆಂಗಸು ಬೇಡ, ಬೇಡ ಎನ್ನುತ್ತಿದ್ದರು. ನೋಯುವ ಹಾಗೆ ತೋಳೆತ್ತಿದಾಗ ಬೇಡ, ತಣ್ಣಗಿನ ಬಟ್ಟೆಯಲ್ಲಿ ಮೈ ಒರೆಸುವುದು ಬೇಡ, ಟಿವಿ ಬೇಡ. ಇವರು ಮೂರೇ ಅಕ್ಷರ ಕೇಳಿ, ನಾಲ್ಕನೆಯದಕ್ಕೆ ಕಾಯುವ ವ್ಯವಧಾನವಿಲ್ಲದೆ, ಪ್ರತಿಸಲವೂ ಹಾಸಿಗೆಗೆ ತಳ್ಳಿ ಲೈಟು ಆರಿಸಿ ಹೋಗಿದ್ದರು. ಮಲಗಿದ ಮೇಲೆ ಕೂಗಾಡಿದ್ದಕ್ಕೆ 'ಅಜಿಟೇಟೆಡ್', ಅಂದರೆ ರೋಗಿ ಕೆರಳಿದ್ದಾರೆ ಎಂದು ಷರಾ. ಅದಕ್ಕೊಂದು ಮಾತ್ರೆ ಬೇರೆ, ಪುಡಿಮಾಡಿ ಟ್ಯೂಬಿನಲ್ಲಿ.

ಮಧ್ಯಾಹ್ನ ಜಯಮ್ಮನ ಗಂಡ ರಂಗಸ್ವಾಮಿಯವರು ಬಂದರು. ಎರಡು ಬಸ್ಸು, ಒಂದು ರೈಲು ಬದಲಿಸಿ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪನ್ನು ಬೂಟಿಗೆಲ್ಲ ಮೆತ್ತಿಕೊಂಡು ದಿನವೂ ಬರುತ್ತಿದ್ದ ಮನುಷ್ಯ. ಕೈಯಲ್ಲಿ ಸ್ಟೀಲಿನ ಡಬ್ಬಿ. ಹೆಂಡತಿಗೆ ನುಂಗಲು ಆಗುವುದಿಲ್ಲವೆಂದು ಗೊತ್ತಿದ್ದರೂ ಸಾರಿನ ವಾಸನೆಯಾದರೂ ತೋರಿಸುತ್ತೇನೆ ಎನ್ನುತ್ತಿದ್ದರು. ನಾನು ಕೇಳಿದೆ, "ಕನ್ನಡ ಗೊತ್ತಿರೋ ಇಂಟರ್‌ಪ್ರಿಟರ್ ಬೇಕು ಅಂತ ಯಾಕೆ ಹೇಳ್ಲಿಲ್ಲ ಸರ್? ಅಡ್ಮಿಷನ್ ದಿನ ಕೇಳಿರ್ತಾರಲ್ಲ."

"ಕೇಳಿದ್ರು. ಬೇಕಿಲ್ಲ ಅಂದೆ. ನಾವೇನು ಓದುಬರಹ ಇಲ್ದೋರಾ ಮೇಡಂ? ಇಪ್ಪತ್ತೈದು ವರ್ಷ ಆಯ್ತು ಈ ದೇಶಕ್ಕೆ ಬಂದು. ಅವಳಿಗೆ ಇಂಗ್ಲಿಷ್ ಚೆನ್ನಾಗೇ ಬರತ್ತೆ."

"ಮನೇಲಿ ನಿಮ್ಮ ಜೊತೆ ಇಂಗ್ಲಿಷಲ್ಲಿ ಜಗಳ ಆಡ್ತಾರಾ?"

ಅವರು ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. "ಪಾಪ, ಅವಳಿಗೆ ಈಗ ಏನೂ ತಿಳಿಯಲ್ಲ ಬಿಡಿ. ಏನು ಕೇಳ್ಬೇಕೋ ನನ್ನೇ ಕೇಳಿ," ಎಂದರು. ಪ್ರೀತಿಯಿಂದಲೇ ಎಂದರು. ಜಯಮ್ಮ ಅಲ್ಲೇ, ಎರಡು ಅಡಿ ದೂರದಲ್ಲಿ, ಕಣ್ಣು ಬಿಟ್ಟುಕೊಂಡು ಕೂತಿದ್ದರು. ಆ ಡಬ್ಬಿಯನ್ನು ಕಿಟಕಿಯಾಚೆ ಹಿಮದೊಳಕ್ಕೆ ಎಸೆಯಬೇಕು ಅನ್ನಿಸಿತು ನನಗೆ.

ನಮ್ಮ ಮ್ಯಾನೇಜರ್ ಲಿಂಡಾಳ ಹತ್ತಿರ ಹೋಗಿ ಈ 'ಬೇಡ'ದ ವಿಷಯ ಹೇಳಿದೆ. ಅವಳು ಹೇಳಿದ ಒಂದು ಮಾತಿನಲ್ಲಿ ಹುರುಳಿತ್ತು, ಅದನ್ನು ಒಪ್ಪಬೇಕು. ಹಲಗೆಯ ಮೇಲೆ ಓಡಾಡುವ ಬೆರಳು ನಿನ್ನದು, ಭಾಷೆಯೂ ನಿನ್ನದು. ನೀನು ಕೇಳಬೇಕೆಂದಿರುವುದನ್ನೇ ಕೇಳಿಸಿಕೊಳ್ಳುತ್ತಿಲ್ಲ ಅಂತ ಏನು ಗ್ಯಾರಂಟಿ ಎಂದಳು. ಹಾಗಾದರೆ ಬೇರೆ ಯಾರೂ ಮುಟ್ಟದೆ ಜಯಮ್ಮ ತಾವೇ ಬರೆಯುವಂಥ ಯಂತ್ರ ಕೊಡಿಸು ಎಂದೆ. ಅರ್ಜಿ ಹಾಕು, ಮೂರು ನಾಲ್ಕು ತಿಂಗಳಾಗುತ್ತದೆ ಎಂದಳು. ಗುರುವಾರಕ್ಕೆ ಇನ್ನು ವಾರವೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಆ ಸಂಜೆ ಜಯಮ್ಮನ ಮಗಳು ಅನಿತಾ ಜಾರ್ಜ್‌ಟೌನಿನಿಂದ ಬಂದಳು. ಮೂವತ್ತರ ಆಸುಪಾಸು, ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ತಾಯಿಯ ಹೆಬ್ಬೆರಳು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಷ್ಟೆಷ್ಟು ಸರಿಯುತ್ತದೆ ಎಂದು ನಾನು ಅಳತೆ ಮಾಡುತ್ತಿದ್ದೆ. ಅವಳು ನೋಡಿ, "ಆಂಟಿ, ದಟ್ಸ್ ಲೈಕ್ ಎ ಗೇಮ್ ಕಂಟ್ರೋಲರ್," ಎಂದಳು. ಅವಳು ಚಿಕ್ಕವಳಿದ್ದಾಗ ಆಡುತ್ತಿದ್ದ ವಿಡಿಯೋ ಗೇಮ್ ಕನ್ಸೋಲಿನ ಕಂಟ್ರೋಲರ್ ಅವಳ ಮನೆಯ ಬೇಸ್‌ಮೆಂಟಲ್ಲಿ ಇನ್ನೂ ಇತ್ತು. ಮರುದಿನ ತಂದುಕೊಟ್ಟಳು.

ಎಡಗಡೆ ಕೂಡಿಸುವ ಚಿಹ್ನೆಯ ಆಕಾರದ ಬಾಣದ ಗುಂಡಿ, ಬಲಗಡೆ ನಾಲ್ಕು ಬಣ್ಣದ ಗುಂಡಿಗಳು, ಉದ್ದನೆಯ ವೈರು. ವೈರಿನ ತುದಿಯ ಪ್ಲಗ್ಗು ಆ ಕನ್ಸೋಲಿಗೆ ಮಾತ್ರ ಹೊಂದುವಂಥದ್ದು, ನನ್ನ ಲ್ಯಾಪ್‌ಟಾಪಿಗೆ ಕೂರುವುದಿಲ್ಲ. ಮನೆಯ ಹತ್ತಿರದ ಪ್ಲಾಜಾದಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವವನ ಬಳಿ ಅಡಾಪ್ಟರ್ ಸಿಕ್ಕಿತು. ಒಂದು ಬದಿಗೆ ಆ ಪ್ಲಗ್ಗು, ಇನ್ನೊಂದು ಬದಿಗೆ ಯುಎಸ್‌ಬಿ. ಸಿಕ್ಕಿಸಿದರೆ ಕಂಪ್ಯೂಟರ್ ಗುರುತೇನೋ ಹಿಡಿಯಿತು, ಆದರೆ ಯಾರೂ ಮುಟ್ಟದೆಯೇ ಕರ್ಸರ್ ಎಡಕ್ಕೆ ಓಡತೊಡಗಿತು. ತಿರುಪು ಬಿಚ್ಚಿದೆ. ಗುಂಡಿಗಳ ಕೆಳಗಿನ ರಬ್ಬರಿನ ತುಂಬ ಜಿಗುಟು. ಎಷ್ಟು ವರ್ಷದ ಚಿಪ್ಸಿನ ಎಣ್ಣೆಯೋ ಏನೋ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿ, ಒಣಗಿಸಿ, ಮತ್ತೆ ಜೋಡಿಸಿದ ಮೇಲೆ ಕರ್ಸರ್ ನಿಂತಲ್ಲಿ ನಿಂತಿತು.

ಇಷ್ಟಾದರೆ ಸಾಲದು. ಈ ಗುಂಡಿ ಒತ್ತಿದರೆ ಕೀಬೋರ್ಡಿನ ಈ ಕೀ ಒತ್ತಿದಂತೆ ಎಂದು ಕಂಪ್ಯೂಟರಿಗೆ ತಿಳಿಸಬೇಕು. ಇದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಬಾಣಗಳು ಬಲ ಹೆಬ್ಬೆರಳಿಗೆ ಸಿಗುವ ಹಾಗೆ ಕಂಟ್ರೋಲರನ್ನು ಟ್ರೇ ಮೇಲೆ ವೆಲ್ಕ್ರೋ ಹಾಕಿ ತಲೆಕೆಳಗಾಗಿ ಕೂರಿಸಿ, ಮ್ಯಾಪಿಂಗಿನಲ್ಲಿ ಬಾಣಗಳ ದಿಕ್ಕನ್ನೂ ತಿರುವುಮುರುವು ಮಾಡಿದೆ. ಒಂದು ಗುಂಡಿಯನ್ನು ಎಡ ತೋರುಬೆರಳಿಗೆ ಬಿಟ್ಟೆ. ಪರದೆಯ ಮೇಲೆ ಇಂಗ್ಲಿಷ್ ಕೀಬೋರ್ಡ್ ತೋರಿಸಿದೆವು. ಕ್ಯು, ಡಬ್ಲ್ಯು, ಇ, ಆರ್. ಜಯಮ್ಮ ಕರ್ಸರನ್ನು ದಿಕ್ಕುಗೆಟ್ಟವರ ಹಾಗೆ ಅಲೆಸಿದರು, ಆಮೇಲೆ ಕಣ್ಣು ಮುಚ್ಚಿಬಿಟ್ಟರು. ಜನ್ಮದಲ್ಲಿ ಟೈಪ್ ಮಾಡಿದವರಲ್ಲ. ಅಕ್ಷರ ಎಲ್ಲಿದೆ ಎಂದು ಹುಡುಕುವುದರಲ್ಲೇ ಬೆರಳು ಸೋತುಹೋಗುತ್ತಿತ್ತು.

ಆ ಬಾಣದ ಗುಂಡಿಯನ್ನೇ ನೋಡುತ್ತ ಕೂತಿದ್ದಾಗ ನನಗೆ ನಮ್ಮ ವರ್ಣಮಾಲೆ ಹೊಳೆಯಿತು. ಕ ಖ ಗ ಘ ಙ, ಅದರ ಕೆಳಗೆ ಚ ಛ ಜ ಝ ಞ. ಐದು ಸಾಲು, ಸಾಲಿಗೆ ಐದು. ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿಕೊಂಡವರಿಗೆ ಯಾವ ಅಕ್ಷರ ಎಲ್ಲಿದೆ ಎಂದು ಹುಡುಕಬೇಕಾಗಿಯೇ ಇಲ್ಲ. 'ಡ' ಬೇಕಾದರೆ ಎರಡು ಸಾಲು ಕೆಳಗೆ, ಎರಡು ಮನೆ ಬಲಕ್ಕೆ. ಅನಿತಾ ಸ್ಪ್ರೆಡ್‌ಶೀಟಿನಲ್ಲಿ ಚೌಕಗಳನ್ನು ಮಾಡಿ, ಗುಂಡಿ ಒತ್ತಿದರೆ ಆ ಅಕ್ಷರ ಮೇಲಿನ ಸಾಲಿಗೆ ಸೇರುವಂತೆ ಏರ್ಪಾಡು ಮಾಡಿದಳು. ನಾನು ಅಕ್ಷರ ತುಂಬಿದೆ, ಕೆಳಗೆ ಯ ರ ಲ ವದಿಂದ ಳ ತನಕ ಸೇರಿಸಿದೆ, ಪಕ್ಕದಲ್ಲಿ ಸ್ವರಗಳನ್ನೂ ಕಾಗುಣಿತದ ಗುರುತುಗಳನ್ನೂ ಇಟ್ಟೆ.

ಜಯಮ್ಮ ಕಣ್ಣು ಬಿಟ್ಟರು. ಬಹಳ ಹೊತ್ತು ಪರದೆ ನೋಡಿದರು. ಪಕ್ಕದಲ್ಲಿ ರಂಗಸ್ವಾಮಿಯವರು ಎಂದಿನಂತೆ, "ಅವಳಿಗೆ ಸುಸ್ತಾಗಿದೆ ಮೇಡಂ, ಇದೆಲ್ಲ ಆಗಲ್ಲ, ನಾಳೆ ನೋಡೋಣ, ಅವಳಿಗೆ..." ಎನ್ನುತ್ತಲೇ ಇದ್ದರು. ಟಕ್, ಟಕ್ ಎಂದು ಕರ್ಸರ್ ಚಲಿಸಿತು. ಒಂದೊಂದೇ ಅಕ್ಷರ ಮೇಲೆ ಹೋಗಿ ಕೂತಿತು. ಸುಮ್ನಿರಿ.

"ವಾಟ್? ವಾಟ್ ಡಿಡ್ ಶಿ ಸೇ?" ಎಂದಳು ಅನಿತಾ.

"ನಿಮ್ಮಪ್ಪಂಗೆ ಷಟಪ್ ಅಂದ್ರು ಕಣೇ. ಬಹುವಚನದಲ್ಲಿ, ಮರ್ಯಾದೆಯಾಗಿ."

ಅನಿತಾ ನಕ್ಕಳು, ಹಾಗೇ ಅತ್ತಳು. ರಂಗಸ್ವಾಮಿಯವರು ಡಬ್ಬಿ ಕೆಳಗಿಟ್ಟು ಕುರ್ಚಿ ಹುಡುಕಿ ಕೂತರು.

ಗುರುವಾರ ಬೆಳಗ್ಗೆ ಲಿಂಡಾ ನನ್ನನ್ನು ಸಭೆಯ ಕೋಣೆಯ ಬಾಗಿಲಲ್ಲೇ ತಡೆದಳು. ಆಟದ ಸಾಮಾನು ಒಳಗೆ ತರುವಂತಿಲ್ಲ, ಅನುಮೋದಿತ ಉಪಕರಣವಲ್ಲ, ಸೋಂಕಿನ ನಿಯಮವಿದೆ. ನಾನು ದನಿ ಎತ್ತಿದ್ದು ಇಡೀ ಕಾರಿಡಾರಿಗೆ ಕೇಳಿಸಿತಂತೆ.

"ರೂಮಿನ ಟಿವಿ ರಿಮೋಟನ್ನು ಯಾವ ಬಟ್ಟೆಯಿಂದ ಒರೆಸ್ತೀರೋ ಇದನ್ನೂ ಅದರಿಂದಲೇ ಒರೆಸಿದ್ದೀನಿ. ಅವರ ಬದುಕಿನ ತೀರ್ಮಾನ ಮಾಡೋ ಸಭೆಗೆ ಅವರ ಬಾಯಿ ಹೊರಗಿಟ್ಟು ಬರಬೇಕಾ? ಹಾಗಂತ ಬರೆದು ಸಹಿ ಹಾಕಿಕೊಡು, ಹೊರಗಿಡ್ತೀನಿ."

ಅವಳು ಸಹಿ ಹಾಕಲಿಲ್ಲ. ಗಾಲಿಕುರ್ಚಿ ಕಂಟ್ರೋಲರ್ ಸಮೇತ ಒಳಗೆ ಹೋಯಿತು.

ಅಲ್ಲಿ ಕೂತ ಡಾಕ್ಟರಿಗೂ ಸೋಷಿಯಲ್ ವರ್ಕರಿಗೂ ತಿಳಿಯಬೇಕಲ್ಲ, ಅದಕ್ಕೆ ಹೊರಗಿನ ಒಬ್ಬ ಕನ್ನಡ ಇಂಟರ್‌ಪ್ರಿಟರನ್ನು ಫೋನ್ ಸ್ಪೀಕರಿನಲ್ಲಿ ತರಿಸಿದ್ದೆ. ಪರದೆಯ ಮೇಲೆ ಬಂದದ್ದನ್ನು ಅನಿತಾ ಅವರಿಗೆ ಈಮೇಲ್ ಮಾಡುವುದು, ಅವರು ಓದಿ ಇಂಗ್ಲಿಷಿನಲ್ಲಿ ಹೇಳುವುದು. ನಾನು ಗೋಡೆಗೆ ಒರಗಿ, ಕೈ ಹಿಂದೆ ಕಟ್ಟಿ ನಿಂತೆ, ಯಾರಿಗೂ ಅನುಮಾನ ಬೇಡವೆಂದು.

ಸೋಷಿಯಲ್ ವರ್ಕರ್ ರಂಗಸ್ವಾಮಿಯವರ ಕಡೆ ತಿರುಗಿ, ಹೋಮಿನಲ್ಲಿ ಜಾಗ ಖಾಲಿಯಾಗಿದೆ, ಒಪ್ಪಿಗೆಯೇ ಎಂದು ಕೇಳಿದಳು. ಅವರು ಬಾಯಿ ತೆರೆದರು. ಟಕ್, ಟಕ್. ಬಾಯಿ ಮುಚ್ಚಿಕೊಂಡರು. ಎಲ್ಲರೂ ಪರದೆ ನೋಡತೊಡಗಿದರು. ಹೆಬ್ಬೆರಳು ಒಂದು ಮನೆ ತಪ್ಪಿ ಹೋಗಿ ಹಿಂದೆ ಬಂತು. ಡಾಕ್ಟರ್ ಗಡಿಯಾರ ನೋಡಿದರು. ಲಿಂಡಾ ಏನೋ ಹೇಳಲು ಬಗ್ಗಿದಳು.

"ಅವರು ಇನ್ನೂ ಮುಗಿಸಿಲ್ಲ," ಎಂದೆ.

ಫೋನಿನಿಂದ ದನಿ ಬಂತು. "ಅವರು ಬರೆದಿರೋದು: ನನ್ನ ಕೇಳಿ."

ಆಮೇಲೆ ಡಾಕ್ಟರ್, ಅದೊಂದು ಮೆಚ್ಚುಗೆ ಅವರಿಗೆ ಸಲ್ಲಬೇಕು, ಕುರ್ಚಿ ಎಳೆದುಕೊಂಡು ಜಯಮ್ಮನ ಎದುರಿಗೆ ಬಂದು ಕೂತು ಕೇಳಿದರು, ನಿಮಗೆ ಏನು ಬೇಕು? ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಹೋಮಿಗೆ ಹೋಗಲ್ಲ. ಕೂರೋದು ಕಲಿಸಿ. ಮಾತ್ರೆ ನಿಲ್ಲಿಸಿ, ನಿದ್ದೆ ಬರತ್ತೆ.

ಅಂದೇ ಮಾತ್ರೆ ನಿಂತಿತು. ಹೋಮಿನ ವಿಷಯ ಕೈಬಿಟ್ಟರು. ವಸಂತ ಮುಗಿಯುವಾಗ ಜಯಮ್ಮ ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತು ಥಾರ್ನ್‌ಕ್ಲಿಫ್ ಪಾರ್ಕ್‌ನ ಮನೆಗೆ ಹೋದರು. ನಡೆಯಲು ಆಗಲಿಲ್ಲ, ಮಾತೂ ಮರಳಲಿಲ್ಲ. ಮುಂದೆ ಬಂದ ಅನುಮೋದಿತ ಯಂತ್ರದಲ್ಲಿ ಕನ್ನಡ ಇರಲಿಲ್ಲವಾದ್ದರಿಂದ ಅದು ಪೆಟ್ಟಿಗೆಯಲ್ಲೇ ಉಳಿಯಿತು ಎಂದು ಅನಿತಾ ಹೇಳಿದಳು.

ಆ ಬೇಸಿಗೆಯಲ್ಲಿ ಲಿಂಡಾ ಒಂದು ಮಧ್ಯಾಹ್ನದ ಸಭೆಯಲ್ಲಿ ಕಂಟ್ರೋಲರಿನ ಫೋಟೋ ತೋರಿಸಿ, ನಮ್ಮ ವಿಭಾಗದ ಹೊಸ ಚಿಂತನೆ ಎಂದು ಹೊಗಳಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೋಗಿ ಕಾಫಿ ತಂದುಕೊಂಡೆ. ಯಂತ್ರವನ್ನು ಹೊಗಳುವುದು ಸುಲಭ. ನಾಲ್ಕು ವಾರ ಒಬ್ಬ ಹೆಂಗಸಿನ ಮಾತನ್ನು ಮುಕ್ಕಾಲಿಗೇ ಕತ್ತರಿಸಿದ್ದು ಯಾರು ಎಂಬ ಪ್ರಶ್ನೆ ಆ ಸಭೆಯಲ್ಲಿ ಬರಲಿಲ್ಲ. ಆಮೇಲೂ ಯಾವ ಸಭೆಯಲ್ಲೂ ಬರಲಿಲ್ಲ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಮಾತಿಲ್ಲದವರ ಸಿಟ್ಟನ್ನು ನಾವು ರೋಗದ ಲಕ್ಷಣ ಎಂದು ಬರೆದುಬಿಡುತ್ತೇವೆ. ಎಷ್ಟೋ ಸಲ ಅವರ ಬುದ್ಧಿ ನೆಟ್ಟಗಿದೆ ಎಂಬುದಕ್ಕೆ ಉಳಿದಿರುವ ಒಂದೇ ಸಾಕ್ಷಿ ಆ ಸಿಟ್ಟು. ಹೊಸ ರೋಗಿ ಬಂದಾಗ ಮನೆಯವರನ್ನು ಯಾವ ಭಾಷೆ ಬರುತ್ತದೆ ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ಇವರು ಯಾವ ಭಾಷೆಯಲ್ಲಿ ಬೈಯುತ್ತಾರೆ ಎಂದು ಕೇಳುತ್ತೇನೆ. ಆ ಭಾಷೆಯ ಅಕ್ಷರಗಳನ್ನು ಅವರ ಮುಂದಿಟ್ಟು, ಬೈದು ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.