ಎಳೆಯದೆ ಬಿಟ್ಟ ಹಗ್ಗ

ಅಮೆರಿಕದ ಅಲೆಕ್ಸಾಂಡ್ರಿಯಾ ಎಂಬ ಊರಿನ ಸಿಟಿ ಬಸ್ಸುಗಳಲ್ಲಿ ಕಿಟಕಿಗಳ ಮೇಲೆ ಉದ್ದಕ್ಕೂ ಒಂದು ತೆಳ್ಳನೆಯ ಹಗ್ಗ ಕಟ್ಟಿರುತ್ತಿದ್ದರು. ಇಳಿಯುವವರು ಅದನ್ನು ಎಳೆದರೆ ಡ್ರೈವರ್ ಹತ್ತಿರ 'ಟಿಣ್' ಎಂದು ಗಂಟೆಯಾಗುತ್ತದೆ, ಬಸ್ಸು ಮುಂದಿನ ಸ್ಟಾಪಿನಲ್ಲಿ ನಿಲ್ಲುತ್ತದೆ. ಯಾರೂ ಎಳೆಯದಿದ್ದರೆ, ಸ್ಟಾಪಿನಲ್ಲಿ ಹತ್ತುವವರೂ ಇಲ್ಲದಿದ್ದರೆ, ನಿಲ್ಲುವುದಿಲ್ಲ. ಇಷ್ಟೇ. ಈಗ ಮೈಸೂರಿನಲ್ಲಿ ದೇವರ ಮುಂದೆ ಗಂಟೆ ಬಾರಿಸುವಾಗಲೂ ನನಗೆ ಅವತ್ತು ಬಡಿಯದ ಆ ಗಂಟೆಯೇ ಕೇಳುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ತಂಗಿಯ ಚೊಚ್ಚಲ ಬಾಣಂತನಕ್ಕೆಂದು ನಾನು ಅಲ್ಲಿಗೆ ಹೋದೆ. ಅಮ್ಮ ತೀರಿಹೋದಾಗ ತಂಗಿ ಇನ್ನೂ ತೊಟ್ಟಿಲಲ್ಲಿದ್ದಳು. ಅವಳನ್ನು ನೋಡಿಕೊಳ್ಳಲು ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅವಳು ಓದಿದಳು, ಮದುವೆಯಾಗಿ ಅಮೆರಿಕಕ್ಕೆ ಹೋದಳು. ಗಂಡನಿಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ನಾನು ವಿಧವೆ. ಹಪ್ಪಳ, ಸಂಡಿಗೆ ಮಾಡಿ ಮಾರಿಕೊಂಡಿದ್ದವಳು. ಕೊಬ್ಬರಿ, ಅಂಟು, ಓಮ, ಬಾಣಂತಿ ಖಾರ, ಕೂಸಿನ ಕೈಗೆ ಕಟ್ಟಲು ಬಜೆಯ ಮಣಿ, ಎಲ್ಲ ಕಟ್ಟಿಕೊಂಡು ವಿಮಾನ ಹತ್ತಿದೆ. ಇಳಿದಾಗ ತಂಗಿಯ ಗಂಡ ಒಬ್ಬನೇ ನಿಂತಿದ್ದ. ನನ್ನ ಪೆಟ್ಟಿಗೆ ತಳ್ಳುವ ಗಾಡಿಗೆ ಹಾಕಿ, ಗಾಡಿಯನ್ನೇ ನೋಡುತ್ತಾ, "ಅಕ್ಕ, ಮಗು ಉಳೀಲಿಲ್ಲ" ಅಂದ. ನಾನು ಆಕಾಶದಲ್ಲಿದ್ದಾಗಲೇ ಅದು ಹೊಟ್ಟೆಯೊಳಗೇ ತೀರಿಹೋಗಿತ್ತು.

ಕೂಸಿಲ್ಲದಿದ್ದರೂ ಹೆತ್ತ ಮೈ ಹೆತ್ತ ಮೈಯೇ ತಾನೆ. ನಾನು ಬಾಣಂತನ ಬಿಡಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿದೆ, ಬಿಸಿನೀರು ಎರೆದೆ, ಸೊಂಟಕ್ಕೆ ಬಟ್ಟೆ ಬಿಗಿದೆ. ಮೊದಲ ದಿನ ಸಾಂಬ್ರಾಣಿ ಹೊಗೆ ಹಾಕಿದಾಗ ಛಾವಣಿಯಲ್ಲಿದ್ದ ಬಿಳಿ ಡಬ್ಬಿ ಕಿವಿ ಕಿತ್ತುಹೋಗುವಂತೆ ಕೂಗತೊಡಗಿತು. ತಂಗಿಯ ಗಂಡ ಕುರ್ಚಿ ಹತ್ತಿ ಪೇಪರಿನಿಂದ ಗಾಳಿ ಹಾಕಿ ಹಾಕಿ ಸುಸ್ತಾದ. ತಂಗಿ ಒದ್ದೆ ಕೂದಲು ಇಳಿಬಿಟ್ಟುಕೊಂಡು ನಗಲು ಶುರುಮಾಡಿದವಳು, ನಗುತ್ತಲೇ ಅಳತೊಡಗಿದಳು. ಎದೆಯ ಮೇಲೆ ಸೀರೆ ಹಾಲಿಗೆ ಒದ್ದೆಯಾಗಿತ್ತು.

"ಆಸ್ಪತ್ರೇಲಿ ನನ್ ಕೈಗೆ ಕೊಟ್ಟಿದ್ರು ಅಕ್ಕ. ಸಣ್ಣ ಟೋಪಿ ಹಾಕಿದ್ರು. ಹೆಸರೇನು ಅಂತ ಕೇಳಿದ್ರು. ನಾನು ಅದಕ್ಕೆ..."

ನಾನು ಅವಳ ಬಾಯಿ ಮುಚ್ಚಿದೆ. "ಹೇಳ್ಬೇಡ ಕಣೇ ಪುಟ್ಟಿ. ಹೆಸರಿಟ್ರೆ ಕರ್ದಂಗೆ. ಇಲ್ಲೇ ಸುತ್ಕೊಂಡಿರ್ತದೆ. ಮುಂದಿನದಕ್ಕೆ ದಾರಿ ಬಿಡಲ್ಲ."

ನಮ್ಮ ಕಡೆ ಅಂಥ ಕೂಸಿಗೆ ಹೆಸರಿಲ್ಲ, ಸೂತಕವೂ ನೆಟ್ಟಗಿಲ್ಲ, ತಿಥಿಯಂತೂ ಇಲ್ಲವೇ ಇಲ್ಲ. ಮಣ್ಣಿಗಿಟ್ಟು ಹಿಂದೆ ನೋಡದೆ ಬರುತ್ತಾರೆ. ಹಿರಿಯರು ಹೇಳಿದ್ದನ್ನೇ ನಾನೂ ಹೇಳಿದೆ. ಗಂಡೋ ಹೆಣ್ಣೋ ಎಂದು ಸಹ ಕೇಳಲಿಲ್ಲ. ಕೇಳಿದರೆ ಅದಕ್ಕೊಂದು ಮುಖ ಬರುತ್ತಿತ್ತು.

ಬಾಣಂತನ ಮುಗಿದ ಮೇಲೂ ತಂಗಿ ಕಿಟಕಿ ಬಿಟ್ಟು ಏಳಲಿಲ್ಲ. ಅವಳಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಗಂಡ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. "ಬಾರೇ, ಬಸ್ಸಲ್ಲಿ ಹೋಗಿ ಬರೋಣ" ಎಂದು ನಾನೇ ಎಬ್ಬಿಸಿದೆ. ಹಾಗೆ ನಾವಿಬ್ಬರೂ ಆ ಹಳೆಯ ಊರನ್ನು ಬಸ್ಸಿನಲ್ಲಿ ತಿರುಗಲು ಶುರುಮಾಡಿದೆವು. ಇಟ್ಟಿಗೆಯ ಫುಟ್‌ಪಾತು, ಒಂದಕ್ಕೊಂದು ಅಂಟಿಕೊಂಡ ಕಿರಿದಾದ ಮನೆಗಳು, ಬಾಗಿಲ ಪಕ್ಕದಲ್ಲಿ ಯಾವ ಕಾಲದ್ದೆಂದು ಹೇಳುವ ಫಲಕಗಳು, ಕೊನೆಗೆ ನದಿ. ತಂಗಿ ಬೋರ್ಡುಗಳನ್ನು ಓದಿ ಹೇಳುತ್ತಿದ್ದಳು. ಆದರೆ ಅವಳಿಗೆ ದಿಕ್ಕು ತಿಳಿಯುತ್ತಿರಲಿಲ್ಲ, ಚಿಕ್ಕಂದಿನಿಂದಲೂ ಹಾಗೇ. ನನಗೆ ಒಮ್ಮೆ ನೋಡಿದ ದಾರಿ ಮರೆಯುವುದಿಲ್ಲ. ಗುಡ್ಡದ ಮೇಲಿನ ಗೋಪುರ ಎಡಕ್ಕೆ ಬಂದರೆ ಸ್ಟೇಷನ್ನು, ಬಿಳಿ ಮೊನೆಯ ಚರ್ಚು ದಾಟಿದರೆ ನದಿ. ಸರಿಯಾದ ಹೊತ್ತಿಗೆ ಕೈಯೆತ್ತಿ ಹಗ್ಗ ಎಳೆಯುತ್ತಿದ್ದವಳು ನಾನೇ. ತಲೆತುಂಬ ಸಣ್ಣ ಜಡೆ ಹೆಣೆದುಕೊಂಡಿದ್ದ ಡ್ರೈವರಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿ ಹಲ್ಲುಬಿಡುತ್ತಿದ್ದಳು.

"ನೀನಿಲ್ದಿದ್ರೆ ನಾನು ಕಳ್ದೇ ಹೋಗ್ತೀನಿ ಅಕ್ಕ" ಅನ್ನುತ್ತಿದ್ದಳು ತಂಗಿ.

"ಇಂಗ್ಲಿಷ್ ಕಲ್ತೋಳಿಗೆ ಎಡ ಬಲ ಕಲಿಸ್ಲಿಲ್ವೇನೇ ಮೇಷ್ಟ್ರು?" ಅಂತ ನಾನು ಚುಡಾಯಿಸುತ್ತಿದ್ದೆ.

ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಚೆರ್ರಿ ಮರಗಳು ಹೂಬಿಟ್ಟಾಗ ಜಪಾನಿಯರ ಬೀದಿಹಬ್ಬ ನಡೆಯುತ್ತದೆ. ಬಸ್ಸು, ರೈಲು ಹಿಡಿದು ಹೋದೆವು. ಬೀದಿ ತುಂಬ ಅಂಗಡಿ, ಎದೆಗೆ ಬಡಿಯುವಂತೆ ಡೋಲು ಬಾರಿಸುವ ಹುಡುಗಿಯರು, ಸೊಂಟಕ್ಕೆ ಅಗಲ ಪಟ್ಟಿ ಬಿಗಿದುಕೊಂಡ ಹೆಂಗಸರು. ಆ ಪಟ್ಟಿ ನೋಡಿ, "ಇವರಿಗೂ ಬಾಣಂತನವೇನೇ?" ಎಂದೆ. ಬಹಳ ದಿನದ ಮೇಲೆ ತಂಗಿ ನಗಾಡಿದಳು.

ಒಂದು ಮೇಜಿನ ಹಿಂದೆ ಮುದುಕಿಯೊಬ್ಬಳು ಕಾಗದ ಮಡಿಚಿ ಕೊಕ್ಕರೆ ಮಾಡುತ್ತಿದ್ದಳು. ಅವಳ ಹಿಂದಿನ ಪರದೆಗೆ ಒಂದು ಫೋಟೋ ಸಿಕ್ಕಿಸಿತ್ತು. ಸಾಲಾಗಿ ನಿಂತ ಪುಟ್ಟ ಕಲ್ಲಿನ ಬೊಂಬೆಗಳು, ಪ್ರತಿಯೊಂದರ ಕತ್ತಿಗೂ ಕೂಸಿಗೆ ಕಟ್ಟುವಂಥ ಕೆಂಪು ಬಟ್ಟೆ. ತಂಗಿ ಏನೋ ಕೇಳಿದಳು. ಮುದುಕಿ ಮಡಿಚುವುದನ್ನು ನಿಲ್ಲಿಸಿ ಮೆಲ್ಲಗೆ ಹೇಳತೊಡಗಿದಳು. ನನಗೆ ಮಾತು ತಿಳಿಯಲಿಲ್ಲ. ಮಾತಿನ ನಡುವೆ ಮುದುಕಿ ತಂಗಿಯ ಹೊಟ್ಟೆಯ ಕಡೆ ನೋಡಿ, ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡಿದ್ದು ಮಾತ್ರ ತಿಳಿಯಿತು.

ವಾಪಸು ಬರುವಾಗ ತಂಗಿ ಹೇಳಿದಳು. "ಆ ಬೊಂಬೆಗಳು ಹುಟ್ಟದೇ ಹೋದ ಮಕ್ಕಳನ್ನ ಕಾಯೋ ದೇವರಂತೆ. ಜುಲೈನಲ್ಲಿ ಇಲ್ಲೇ ಅವರ ಟೆಂಪಲ್‌ನಲ್ಲಿ ಇನ್ನೊಂದು ಹಬ್ಬ ಇದೆಯಂತೆ, ಹೋದವರಿಗೆ ಕಾಗದದ ದೀಪ ಹಚ್ತಾರಂತೆ. ದೀಪದ ಕೆಳಗೆ ಹೆಸರು ಬರೆದು ಕಟ್ಟೋದು. ನಮ್ಮ ಪಾಪೂಗೂ ಕಟ್ಬಹುದಂತೆ ಅಕ್ಕ."

"ಅವರ ದೇವರು ಅವರಿಗೆ. ನಮ್ಗ್ಯಾಕೆ?"

"ನಮ್ಮ ದೇವರು ಕೇಳ್ತಾನೇ ಇಲ್ವಲ್ಲ" ಅಂದಳು.

ಆ ದೇವಸ್ಥಾನ ಅವಳನ್ನು ತೋರಿಸುವ ಡಾಕ್ಟರ ಕ್ಲಿನಿಕ್ಕಿಗೆ ಹೋಗುವ ಬಸ್ಸಿನ ದಾರಿಯಲ್ಲೇ ಇತ್ತು. ಪೆಟ್ರೋಲ್ ಬಂಕು ದಾಟಿದ ಮೇಲೆ ಇಳಿಜಾರು, ಇಳಿಜಾರಿನ ಕೊನೆಗೆ ಒಂಟಿ ಪೈನ್ ಮರ, ಅದರ ಎದುರೇ ಸ್ಟಾಪು. ಪ್ರತಿ ಸಲವೂ ತಂಗಿ ಆಚೆ ನೋಡುತ್ತಾ, "ಇದೇ ಅಲ್ವಾ ಅಕ್ಕ?" ಎಂದು ನನ್ನನ್ನು ಕೇಳುತ್ತಿದ್ದಳು. "ಹೂಂ ಕಣೇ, ಇದೇ" ಎನ್ನುತ್ತಿದ್ದೆ. ಜುಲೈ ಬರುವವರೆಗೂ ಅವಳು ಅದೊಂದಕ್ಕಾಗಿಯೇ ಊಟ ಮಾಡಿದಳು, ತಲೆ ಬಾಚಿಕೊಂಡಳು.

ಆ ಶನಿವಾರ ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊರಟೆವು. ತಂಗಿ ಸೀರೆ ಉಟ್ಟಿದ್ದಳು. ಗಂಡನನ್ನು ಕರೆದಿರಲಿಲ್ಲ. ಅವನ ಎದುರು ಮಗುವಿನ ಮಾತೆತ್ತಿದರೆ ಅವನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದ. ಸ್ಟೇಷನ್ನಿನಲ್ಲಿ ಬಸ್ಸು ಬದಲಿಸಿದೆವು. ಅದೇ ಡ್ರೈವರಮ್ಮ. ಕಿಟಕಿಯ ಪಕ್ಕ ನಾನು, ಈಚೆ ತಂಗಿ. ಹೊರಗೆ ಸುಡುವ ಬಿಸಿಲು, ಒಳಗೆ ತಣ್ಣಗಿನ ಗಾಳಿ. ಹಿಂದಿನ ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲ.

"ಅಕ್ಕ, ಒಂಚೂರು ಕಣ್ಮುಚ್ತೀನಿ. ಸ್ಟಾಪ್ ಬಂದಾಗ ನೀನೇ ಎಳಿ. ನಿಂಗೆ ಗೊತ್ತಲ್ಲ."

ನನ್ನ ಭುಜಕ್ಕೆ ತಲೆಯಿಟ್ಟಳು. ಕಣ್ಣು ಮುಚ್ಚಿದ್ದರೂ ತುಟಿ ಅಲ್ಲಾಡುತ್ತಿತ್ತು. ಬರೆಯಬೇಕಾದ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ನಾನು ಕಿವಿ ಆಚೆಗೆ ತಿರುಗಿಸಿದೆ.

ಪೆಟ್ರೋಲ್ ಬಂಕು ಬಂತು. ನಾನು ಕೈಯೆತ್ತಿದೆ. ಇಳಿಜಾರು ಶುರುವಾಯಿತು. ಹಗ್ಗ ಬೆರಳಿಗೆ ತಾಗುತ್ತಿತ್ತು. ಕೆಳಗೆ ದೇವಸ್ಥಾನದ ಅಂಗಳದಲ್ಲಿ ಕಂಬದಿಂದ ಕಂಬಕ್ಕೆ ಕಾಗದದ ದೀಪಗಳು ತೂಗುತ್ತಿದ್ದವು, ಒಂದೊಂದರ ಕೆಳಗೂ ಒಂದು ಚೀಟಿ ಗಾಳಿಗೆ ತಿರುಗುತ್ತಿತ್ತು. ಡೋಲಿನ ಸದ್ದು ಗಾಜು ದಾಟಿ ಬರುತ್ತಿತ್ತು. ಡ್ರೈವರಮ್ಮ ಕನ್ನಡಿಯಲ್ಲಿ ನನ್ನ ಎತ್ತಿದ ಕೈ ನೋಡಿ ತಾನಾಗಿಯೇ ವೇಗ ತಗ್ಗಿಸಿದಳು. ನಾನು ಕೈ ಇಳಿಸಿದೆ. ಅವಳು ಇನ್ನೊಮ್ಮೆ ನೋಡಿದಳು. ಪೈನ್ ಮರ ಹಿಂದೆ ಹೋಯಿತು.

ಯಾಕೆ ಎಂದು ಕೇಳಿದರೆ, ಮುಂದಿನ ಮಗುವಿಗೆ ಕೇಡಾದೀತೆಂಬ ಭಯ ಎಂದು ನನಗೆ ನಾನೇ ಬಹಳ ಕಾಲ ಹೇಳಿಕೊಂಡಿದ್ದೆ. ಭಯ ಇದ್ದದ್ದು ನಿಜ. ಆದರೆ ಅದೊಂದೇ ಅಲ್ಲ. ಮದುವೆಯಾದ ಹೊಸದರಲ್ಲಿ ನನ್ನದೂ ಒಂದು ಹೀಗೇ ಹೋಗಿತ್ತು. ಆಮೇಲೆ ಮತ್ತೆ ಆಗಲೇ ಇಲ್ಲ. ಅತ್ತೆ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಹಿತ್ತಿಲ ಬಾಗಿಲಿಂದ ಕಳಿಸಿದರು. ಹಾಲು ಕಟ್ಟಿದ ಎದೆ ಇಟ್ಟುಕೊಂಡು ನಾನು ದೋಸೆಗೆ ರುಬ್ಬಿದೆ. ನನ್ನದಕ್ಕೆ ಯಾರೂ ದೀಪ ಹಚ್ಚಲಿಲ್ಲ, ಯಾರೂ ಕೈ ಹಿಡಿದುಕೊಳ್ಳಲಿಲ್ಲ. ಆ ಅಂಗಳದ ತುಂಬ ದೀಪ ಕಂಡಾಗ ಅದೆಲ್ಲ ಒಟ್ಟಿಗೆ ಎದೆಗೆ ಬಂತು. ನನಗಿಲ್ಲದ್ದು ಇವಳಿಗ್ಯಾಕೆ ಅನ್ನಿಸಿತು. ನನ್ನ ಕೈಯಲ್ಲೇ ಬೆಳೆದವಳ ಮೇಲೆ ನನಗೆ ಹಾಗನ್ನಿಸಿತು.

ಬಸ್ಸು ದೊಡ್ಡ ರಸ್ತೆಗೆ ಬಿದ್ದಾಗ ತಂಗಿ ಕಣ್ಣು ಬಿಟ್ಟಳು. "ಬಂತಾ?"

"ಇನ್ನೂ ಇಲ್ಲ ಕಣೇ."

ಕೊನೆಯ ಸ್ಟಾಪಿನಲ್ಲಿ ಡ್ರೈವರಮ್ಮ ಎದ್ದು ಬಂದು ತಂಗಿಗೆ ಏನೋ ಹೇಳಿದಳು. ಬಸ್ಸು ಅಲ್ಲಿಂದ ಡಿಪೋಗೆ ಹೋಗುತ್ತದೆ, ಶನಿವಾರ ಹಿಂತಿರುಗುವ ಬಸ್ಸು ಆ ಹೊತ್ತಿನ ಮೇಲೆ ಇಲ್ಲ. ಹೇಳುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮುಚ್ಚಿದ್ದ ಅಂಗಡಿಗಳ ಮುಂದೆ ನಾವಿಬ್ಬರೇ ಉಳಿದೆವು.

"ಏನಾಯ್ತಕ್ಕ? ಪೈನ್ ಮರ ಕಾಣ್ಲಿಲ್ವಾ?"

"ನಂಗೇನು ಗೊತ್ತಾಯ್ತದೆ ಪುಟ್ಟಿ? ಎಲ್ಲ ಇಂಗ್ಲಿಷ್ ಬೋರ್ಡು. ನಾನು ಓದಿದೋಳಾ?"

ಇಂಗ್ಲಿಷ್ ಅಕ್ಷರ ಬಾರದೆಂಬ ನೆಪದ ಹಿಂದೆ ಬಚ್ಚಿಟ್ಟುಕೊಂಡೆ. ಅವಳು ಬೈದಿದ್ದರೆ ನಾನು ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಅವಳು ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡು, "ಹೋಗ್ಲಿ ಬಿಡಕ್ಕ. ನೀನು ಓದದೇ ಇದ್ದಿದ್ದು ನನ್ನಿಂದ ತಾನೆ. ನಾನೇ ಎಚ್ಚರ ಇರ್ಬೇಕಿತ್ತು" ಅಂದಳು.

ಟೆಲಿಫೋನ್ ಬೂತಿನಿಂದ ಗಂಡನನ್ನು ಕರೆದಳು. ಅವನು ಬಂದು, ವಿಷಯ ಕೇಳಿ, "ಈಗ ಅಲ್ಲಿ ಎಲ್ಲ ಮುಗ್ದಿರತ್ತೆ" ಎಂದು ಬೇರೆ ದಾರಿಯಲ್ಲಿ ಮನೆಗೆ ಕರೆತಂದ. ತಂಗಿ ಸೀರೆ ಬದಲಿಸಿ ಅನ್ನಕ್ಕಿಟ್ಟಳು. ಮತ್ತೆ ಆ ದೀಪದ ಮಾತೆತ್ತಲಿಲ್ಲ. ನಾನು ಊರಿಗೆ ಹೊರಡುವವರೆಗೂ ಬಸ್ಸು ಆ ಇಳಿಜಾರು ಇಳಿಯುವಾಗ ಅವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

ಎರಡು ವರ್ಷದ ಮೇಲೆ ಮತ್ತೆ ಬಾಣಂತನಕ್ಕೆ ಹೋದೆ. ಈ ಸಲ ಹೆಣ್ಣುಮಗು, ಗುಂಡಗೆ. ಅವಳನ್ನು ಬಚ್ಚಲಿನ ತೊಟ್ಟಿಯಲ್ಲಿ ಕಾಲು ನೀಡಿ ಕುಳಿತು ಕಾಲ ಮೇಲೆ ಮಲಗಿಸಿಕೊಂಡು ಎರೆಯುವಾಗ, ಪಕ್ಕದಲ್ಲಿ ಇನ್ನೊಂದು ಕೂಸು ತನ್ನ ಸರದಿಗೆ ಕಾಯುತ್ತಿರುವಂತೆ ಅನ್ನಿಸುತ್ತಿತ್ತು. ಗಲಾಟೆ ಮಾಡದೆ ಕಾಯುವ ಕೂಸು. ಸೋಪಿಗೆಂದು ಕೈ ಚಾಚಿದರೆ ಬೆನ್ನಿಗೆ ತಣ್ಣಗಾಗುತ್ತಿತ್ತು.

ಜುಲೈ ಬಂತು. ತಂಗಿ ಮಗುವಿನ ಜೊತೆ ಮಲಗಿದ್ದ ಹೊತ್ತಿನಲ್ಲಿ ನಾನು ಒಬ್ಬಳೇ ಬಸ್ಸು ಹತ್ತಿದೆ. ಗೋಪುರ, ಸ್ಟೇಷನ್ನು, ಇನ್ನೊಂದು ಬಸ್ಸು, ಪೆಟ್ರೋಲ್ ಬಂಕು. ಡ್ರೈವರ್ ಬೇರೆಯವನು. ಇಳಿಜಾರಿನಲ್ಲಿ ಹಗ್ಗ ಎಳೆದೆ. 'ಟಿಣ್' ಎಂದಿತು. ಎಷ್ಟು ಸುಲಭವಿತ್ತು ಅದು.

ಅಂಗಳದಲ್ಲಿ ಬಾಳೆಹಣ್ಣಿನ ಬಣ್ಣದ ಅಂಗಿಯ ಹುಡುಗಿಯೊಬ್ಬಳು ನನಗೊಂದು ಚೀಟಿ, ಪೆನ್ನು ಕೊಟ್ಟಳು. "ನೇಮ್?" ಎಂದಳು. ಆ ಪದ ನನಗೆ ಗೊತ್ತು. ಪೆನ್ನು ಹಿಡಿದು ನಿಂತೆ. ಹೇಳಬೇಡ ಎಂದು ಬಾಯಿ ಮುಚ್ಚಿದ ಹೆಸರು, ಕಿವಿ ತಿರುಗಿಸಿಕೊಂಡು ಕೇಳದೇ ಬಿಟ್ಟ ಹೆಸರು. ನನಗೆ ಬರೆಯಲು ಬರುವುದಿಲ್ಲವೆಂದುಕೊಂಡು ಹುಡುಗಿ ತಾನೇ ಬರೆಯುತ್ತೇನೆಂದು ಪೆನ್ನು ತೆಗೆದುಕೊಂಡಳು. ಬಾಗಿ, ಕಾದಳು. ನನಗೆ ಕನ್ನಡ ಬರೆಯಲು ಚೆನ್ನಾಗಿಯೇ ಬರುತ್ತದೆ ಎಂದು ಅವಳಿಗೆ ಹೇಳುವುದು ಹೇಗೆ? ಇಲ್ಲವೆಂದು ತಲೆಯಾಡಿಸಿದೆ. ಅವಳು ಖಾಲಿ ಚೀಟಿಯನ್ನೇ ದೀಪಕ್ಕೆ ಕಟ್ಟಿ ಮೇಲೇರಿಸಿದಳು. ಎಲ್ಲ ಚೀಟಿಗಳ ನಡುವೆ ಅದೊಂದು ಬೆಳ್ಳಗೆ ತಿರುಗುತ್ತಿತ್ತು. ನನ್ನದರ ನೆನಪೂ ಬಂತು. ಅದಕ್ಕೂ ಹೆಸರಿರಲಿಲ್ಲ. ಎರಡಕ್ಕೂ ಆ ಒಂದೇ ದೀಪವಾಯಿತು.

ಮನೆಗೆ ಬಂದಾಗ ತಂಗಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. "ಎಲ್ಲಿಗೆ ಹೋಗಿದ್ದೆ ಅಕ್ಕ, ಹೇಳ್ದೆ ಕೇಳ್ದೆ?"

"ದೀಪದ ಹಬ್ಬಕ್ಕೆ."

ಅವಳ ಕೈ ನಿಂತಿತು. "ಸ್ಟಾಪ್ ಸಿಕ್ತಾ?"

"ಅವತ್ತೂ ಸಿಕ್ಕಿತ್ತು ಪುಟ್ಟಿ. ನಾನೇ ಎಳೀಲಿಲ್ಲ."

ಮಗು ಕಾಲು ಒದೆಯುತ್ತಿತ್ತು. ತಂಗಿ ಬಹಳ ಹೊತ್ತು ಅದರ ಪಾದವನ್ನು ಹಿಡಿದುಕೊಂಡೇ ಇದ್ದಳು. ಆಮೇಲೆ ಕೇಳಿದಳು. "ಏನಂತ ಬರ್ದೆ?"

"ಏನೂ ಬರೀಲಿಲ್ಲ. ಹೆಸರು ಗೊತ್ತಿರ್ಲಿಲ್ಲ. ಹೇಳೇ, ಮುಂದಿನ ವರ್ಷ ಬಂದು..."

"ಬೇಡ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೆಸರಿಡಬಾರ್ದು ಅಂತ ನೀನೇ ಹೇಳಿದ್ದಲ್ವಾ? ಅದು ನನ್ ಹತ್ರಾನೇ ಇರ್ಲಿ." ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ನೀರು ಆರ್ತಾ ಇದೆ, ಎರಿ."

ಈಗ ಅವರೆಲ್ಲ ಅಮೆರಿಕದಲ್ಲೇ ಸುವಾನಿ ಎಂಬ ಇನ್ನೊಂದು ಊರಿನಲ್ಲಿದ್ದಾರೆ. ಫೋನ್ ಮಾಡುತ್ತಾಳೆ, ನಗುತ್ತಾಳೆ, ಅಕ್ಕ ಅಕ್ಕ ಎನ್ನುತ್ತಾಳೆ. ಆ ಹೆಸರು ಮಾತ್ರ ಇವತ್ತಿಗೂ ಹೇಳಿಲ್ಲ. ನಾನೂ ಮತ್ತೆ ಕೇಳಿಲ್ಲ.

ದೀಪ ಕಟ್ಟಿ ಬಂದ ಅವತ್ತು ನಾನು ತೊಟ್ಟಿಯಲ್ಲಿ ಕಾಲು ನೀಡಿ ಕುಳಿತು ಮಗುವಿಗೆ ಎರೆದೆ. ಕೊನೆಯ ಚೊಂಬನ್ನು ನಿವಾಳಿಸಿ, ಅದರ ಹೆಸರು ಹಿಡಿದು ರಕ್ಷೆ ಹೇಳಿದೆ. ತಂಗಿ ಟವೆಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಮಗುವನ್ನು ಅವಳಿಗೆ ಕೊಟ್ಟ ಮೇಲೆ ಇನ್ನೊಂದು ಚೊಂಬು ತುಂಬಿ, ಬರಿದಾದ ನನ್ನ ಕಾಲುಗಳ ಮೇಲೆ ಸುರಿದುಕೊಂಡೆ, ಯಾರ ಹೆಸರೂ ಹೇಳದೆ. ತಂಗಿ ಅದನ್ನು ನೋಡಿದಳು. ಬಾಗಿಲನ್ನು ಅರ್ಧ ಎಳೆದುಕೊಂಡು ಹೋದಳು.